ಔಲಿಸನ ಕಂಟೇನರ್

ಔಲಿಸನಿಗೆ ಕಂಪ್ಯೂಟರ್ ವಿದ್ಯೆ ಗೊತ್ತಿದೆ ಎಂಬ ಸುದ್ದಿ ಹುಟ್ಟಿದ್ದು ಒಂದು ಪ್ಲಗ್ಗಿನಿಂದ. ಯಾವಾಗಲೋ ಒಮ್ಮೆ ಕಟ್ಟಡದ ಸಂಘದ ಅಧ್ಯಕ್ಷೆ ರೌಹಾ ಅವರ ಪ್ರಿಂಟರ್ ಮುಷ್ಕರ ಹೂಡಿ ಕೂತಿತ್ತು. ಮೆಟ್ಟಿಲಲ್ಲಿ ಕೈಗೆ ಸಿಕ್ಕ ಔಲಿಸನನ್ನು ಅವರು ಒಳಗೆ ಎಳೆದುಕೊಂಡು ಹೋದರು. ನೋಡಿದರೆ ಪ್ಲಗ್ ಗೋಡೆಯಿಂದ ಕಳಚಿ ಬಿದ್ದಿತ್ತು. ಸಿಕ್ಕಿಸಿದ, ಪ್ರಿಂಟರ್ ಗುರುಗುಟ್ಟಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅಧ್ಯಕ್ಷೆಗೆ ಮುಜುಗರವಾದೀತೆಂದು ಅವನು "ಸಣ್ಣ ತೊಂದರೆ ಇತ್ತು, ಸರಿ ಮಾಡ್ದೆ" ಎಂದಷ್ಟೇ ಹೇಳಿ ಮನೆಗೆ ಹೋದ. ಆ ಸೌಜನ್ಯಕ್ಕೆ ಪಾಪದವನು ಇವತ್ತಿನವರೆಗೂ ದಂಡ ತೆರುತ್ತಿದ್ದಾನೆ.

ರೌಹಾ ಎಂದರೆ ಅಲ್ಲಿಯ ಮಾತಿನಲ್ಲಿ ಶಾಂತಿ. ಹೆಸರಿಟ್ಟವರು ಮಗುವಿನ ಅಳು ಕೇಳುವ ಮೊದಲೇ ಇಟ್ಟುಬಿಟ್ಟಿರಬೇಕು. ಜೀವಮಾನವಿಡೀ ಶಾಲೆಯಲ್ಲಿ ವ್ಯಾಯಾಮ ಹೇಳಿಕೊಟ್ಟ ಗಂಟಲು ಅದು. ಫಿನ್ಲೆಂಡಿನ ತಾಂಪೆರೆ ಊರಿನ ಕಾಲೆವಾ ಬಡಾವಣೆಯ ಆ ಇಟ್ಟಿಗೆ ಕಟ್ಟಡದಲ್ಲಿ ಅವರು ನಾಲ್ಕನೇ ಮಹಡಿಯಲ್ಲಿ ಕೆಮ್ಮಿದರೆ ನೆಲಮಾಳಿಗೆಯ ಸೈಕಲ್ಲುಗಳು ನೆಟ್ಟಗೆ ನಿಲ್ಲುತ್ತಿದ್ದವು.

ನೆಲಮಾಳಿಗೆಯಲ್ಲೇ ಸೌನಾ, ಅಂದರೆ ಹಬೆಸ್ನಾನದ ಕೋಣೆ, ಇದ್ದದ್ದು. ಮನೆಗೊಂದರಂತೆ ವಾರಕ್ಕೆ ಒಂದು ಗಂಟೆಯ ಸರದಿ. ಆ ಗಂಟೆ ನಿಮ್ಮದು. ಒಲೆ, ಬಿಸಿ ಕಲ್ಲು, ಸೌಟು, ಹಬೆ ಎಲ್ಲವೂ ನಿಮ್ಮದೇ. ಔಲಿಸನ ಪಾಲಿಗೆ ಬಂದಿದ್ದು ಮಂಗಳವಾರ ಮಧ್ಯಾಹ್ನ. ಆ ಹೊತ್ತಿಗೆ ಕಲ್ಲು ಇನ್ನೂ ನಿದ್ದೆಗಣ್ಣಿನಲ್ಲಿರುತ್ತದೆ, ಮೇಲೆ ನೀರು ಸುರಿದರೆ ಆಕಳಿಸುತ್ತದೆ ಅಷ್ಟೆ. ಎಲ್ಲರ ಕಣ್ಣೂ ಶನಿವಾರ ಸಂಜೆ ಆರರ ಸರದಿಯ ಮೇಲೆ. ಅದು ಸಿಗಬೇಕಾದರೆ ಇದ್ದವರು ಸಾಯಬೇಕು, ಇಲ್ಲ ಊರು ಬಿಡಬೇಕು. ಈ ಸಲ ಎರಡನೇ ಮಹಡಿಯವರು ದೊಡ್ಡ ಮನಸ್ಸು ಮಾಡಿ ಊರು ಬಿಟ್ಟಿದ್ದರು.

ಔಲಿಸ್ ಆ ಒಂದು ಗಂಟೆಗೆ ಬಾಯಿ ಬಾಯಿ ಬಿಡುತ್ತಿದ್ದ. ಅವನದು ಕಿಟಕಿ ಮಾಡುವ ಕಂಪನಿಯೊಂದರಲ್ಲಿ ಫೋನಿನ ಮೇಲೆ ದೂರು ಕೇಳುವ ಕೆಲಸ. ಕಿಟಕಿ ಮುಚ್ಚುವುದಿಲ್ಲ, ಕಿಟಕಿ ತೆರೆಯುವುದಿಲ್ಲ, ತೆರೆದರೆ ಎದುರು ಮನೆಯವನ ಮುಖ ಕಾಣುತ್ತದೆ. ವಾರವಿಡೀ ಇವನ್ನೆಲ್ಲ ಕೇಳಿ ಶನಿವಾರಕ್ಕೆ ಅವನ ಕಿವಿ ಎರಡೂ ಬೆಂದುಹೋಗಿರುತ್ತಿದ್ದವು. ದೇವರು ಪ್ರತ್ಯಕ್ಷನಾಗಿ ವರ ಕೇಳು ಎಂದಿದ್ದರೆ ಅವನು "ಮೊದಲು ನೀವು ಸ್ವಲ್ಪ ಮೆಲ್ಲಗೆ ಮಾತಾಡಿ" ಎನ್ನುತ್ತಿದ್ದ. ಬಿಸಿ ಕಲ್ಲು, ಕತ್ತಲು, ಒಬ್ಬನೇ ಒಂದು ಗಂಟೆ. ಅವನ ಆಸೆ ಅಷ್ಟೇ.

"ಸರದಿ ಬರೆಯೋದು, ಬಾಗಿಲು ತೆಗೆಯೋದು, ಒಲೆ ಹೊತ್ತಿಸೋದು, ಎಲ್ಲಾ ಕಂಪ್ಯೂಟರೇ ಮಾಡೋ ಹಾಗೆ ಮಾಡು," ಎಂದರು ರೌಹಾ. "ಬರೋ ಶನಿವಾರ ಶುರುವಾಗ್ಬೇಕು. ಆರು ಗಂಟೆ ಸರದಿ ನಿಂದು. ನಾನು ಮಾತು ಕೊಟ್ರೆ ಕೊಟ್ಟ ಹಾಗೇ."

ಔಲಿಸನಿಗೆ ಪ್ಲಗ್ ಸಿಕ್ಕಿಸುವುದಕ್ಕಿಂತ ಹೆಚ್ಚಿನ ವಿದ್ಯೆ ಬರುತ್ತಿರಲಿಲ್ಲ. ಆದರೆ ಆಸೆ ದೊಡ್ಡ ಮೇಷ್ಟ್ರು. ವಾರವಿಡೀ ರಾತ್ರಿ ಊಟ ಬಿಟ್ಟು ವಿಡಿಯೊ ನೋಡಿ ಕಲಿತ. ಶನಿವಾರ ಬೆಳಿಗ್ಗೆ ಕಾಫಿ ಫ್ಲಾಸ್ಕ್ ಹಿಡಿದು ನೆಲಮಾಳಿಗೆಗೆ ಇಳಿದ. ಸೌನಾದ ಹೊರ ಬಾಗಿಲು ದಾಟಿದರೆ ಬಟ್ಟೆ ಬದಲಿಸುವ ಕೋಣೆ. ಅದರ ಮೂಲೆಯಲ್ಲಿ ಮೀಟರ್ ಕೋಣೆ. ಅದರೊಳಗೆ ಸಂಘದ ಹಳೆಯ ಕಂಪ್ಯೂಟರ್. ಇಡೀ ಕಟ್ಟಡವನ್ನು ಬೆಚ್ಚಗಿಡುವುದೂ ಅದೇ.

ಸ್ವಲ್ಪ ಹೊತ್ತಿಗೆ ಅಂಗಳದ ಕಡೆಯ ಸರಳು ಹಾಕಿದ ಸಣ್ಣ ಕಿಟಕಿಯಲ್ಲಿ ರೌಹಾ ಅವರ ಮುಖ ಬಗ್ಗಿತು.

"ಏನಯ್ಯಾ, ಎಲ್ಲೀವರೆಗೆ ಬಂತು? ನಿನ್ನ ಪ್ರೋಗ್ರಾಂ ಹೋಗಿ ನಮ್ಮ ಹೀಟರ್ ಪ್ರೋಗ್ರಾಂಗೆ ಕೈ ಹಾಕಿದ್ರೆ? ನವೆಂಬರ್ ಇದು, ಜನ ನನ್ನ ಸುಮ್ನೆ ಬಿಡಲ್ಲ!"

"ಹಾಗೇನೂ ಆಗಲ್ಲ ರೌಹಾ ಅವರೇ. ಸರ್ವರನ್ನ ನೇರವಾಗಿ ಕಂಪ್ಯೂಟರ್ ಮೇಲೆ ಹಾಕ್ತಾ ಇಲ್ಲ. ಕಂಟೇನರ್ ಒಳಗೆ ಹಾಕ್ತಾ ಇದ್ದೀನಿ."

"ಕಂಟೇನರ್?"

"ಹೂಂ. ಮನೇಲಿ ಒಬ್ಬ ಬಾಡಿಗೆಯವನಿಗೆ ಬೇರೆ ಕೋಣೆ ಕೊಟ್ಟ ಹಾಗೆ. ಅವನ ಒಲೆ ಅವನದು, ಅವನ ಪಾತ್ರೆ ಅವನದು. ಬಾಗಿಲು ಹಾಕ್ಕೊಂಡು ಒಳಗೇ ಇರ್ತಾನೆ. ಹೊರಗೆ ಏನು ನಡೀತಿದೆ ಅಂತಾನೂ ಅವನಿಗೆ ಗೊತ್ತಾಗಲ್ಲ."

ಬಾಡಿಗೆಯವನನ್ನು ವರ್ಣಿಸುವಾಗ ಔಲಿಸನ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿತ್ತು. ರೌಹಾ ಅವರಿಗೆ ಅರ್ಧ ಅರ್ಥವಾಯಿತು, ಇನ್ನರ್ಧಕ್ಕೆ ತಲೆಯಾಡಿಸಿದರು. "ಅಂತೂ ಕಂಟೇನರ್ ಇವತ್ತೇ ಬರುತ್ತಲ್ಲ? ಹಾಗಾದ್ರೆ ಸರಿ!" ಎಂದು ಗಂಟಲು ತುಂಬಿ ಕೂಗಿ ಹೊರಟರು.

ತೊಂದರೆಯೆಂದರೆ, ಆ ಕಿಟಕಿಯ ನೇರ ಮೇಲೆ ನೆಲಮಹಡಿಯಲ್ಲಿ ಹಿಲ್ಕಾ ಅಜ್ಜಿಯ ಅಡುಗೆಮನೆ. ಎಂಬತ್ತು ದಾಟಿದ ಹಿಡಿಗಾತ್ರದ ಜೀವ. ಗಂಡ ಹೋದ ಮೇಲೆ ಅಡುಗೆಮನೆಯ ಕಿಟಕಿಯೇ ಆಕೆಗೆ ರೇಡಿಯೊ. ಔಲಿಸನ ಮೆಲುದನಿ ಅಲ್ಲಿಗೆ ಮುಟ್ಟಲಿಲ್ಲ. ಅಧ್ಯಕ್ಷೆಯ ಕೊನೆಯ ಮಾತು ಮಾತ್ರ ಅಚ್ಚುಕಟ್ಟಾಗಿ ಮುಟ್ಟಿತು.

ಈ ಊರಿನ ಕಟ್ಟಡಗಳಲ್ಲಿ ಅಂಗಳಕ್ಕೆ ಕಂಟೇನರ್ ಬರುತ್ತದೆ ಎಂದರೆ ಒಂದೇ ಅರ್ಥ. ಸಂಘ ಲಾರಿಯಲ್ಲಿ ದೊಡ್ಡ ಕಬ್ಬಿಣದ ಪೆಟ್ಟಿಗೆ ತರಿಸುತ್ತದೆ, ಮನೆಯ ಹಳೆಯ ಗುಜರಿಯನ್ನೆಲ್ಲ ಪುಕ್ಕಟೆ ಎಸೆಯಬಹುದು. ಹಾಗೆ ಬರುವುದು ವಸಂತದಲ್ಲಿ ಒಂದೇ ಸಲ. ನವೆಂಬರಿನಲ್ಲೂ ಬರುತ್ತದೆಂದರೆ ಅದು ಹಬ್ಬವೇ. ಅಜ್ಜಿ ಎದುರು ಮನೆಯ ಬಾಗಿಲು ತಟ್ಟಿದಳು, ಎದುರು ಮನೆಯವರು ಮೇಲಿನವರಿಗೆ ಹೇಳಿದರು, ಲಿಫ್ಟ್ ಕೆಳಗೆ ಮೇಲೆ ಓಡಾಡತೊಡಗಿತು.

ಇತ್ತ ಔಲಿಸ್ ಲೋಕವನ್ನೇ ಮರೆತಿದ್ದ. ಮೊದಲ ಸಲ ಪರದೆ ತುಂಬ ಕೆಂಪು ಅಕ್ಷರ. ಎರಡನೇ ಸಲ ಇನ್ನಷ್ಟು ಕೆಂಪು. ಮೂರನೇ ಸಲ ಕೈಮುಗಿದು ಬಟನ್ ಒತ್ತಿದ. ಒಂದೊಂದೇ ಸಾಲು ಹಸಿರಾಗಿ ಇಳಿಯಿತು. ಸರ್ವರ್ ಎದ್ದು ಕೂತಿತು. "ಬಾಗಿಲು ತೆರೆ" ಒತ್ತಿದರೆ ಬೀಗ ಕ್ಲಿಕ್ ಎಂದಿತು. "ಒಲೆ" ಒತ್ತಿದರೆ ಒಲೆ ಕೆಂಪಾಯಿತು. ಔಲಿಸನ ಕಣ್ಣಲ್ಲಿ ನೀರೇ ಬಂತು. ಹೊರಗಿನಿಂದ ಯಾರೂ ನುಸುಳದಂತೆ ಅವನು ಎಲ್ಲ ದಾರಿಗಳನ್ನೂ ಮುಚ್ಚಿದ. ಇನ್ನು ಈ ಕೀಬೋರ್ಡಿನ ಮುಂದೆ ಕೂತರೆ ಮಾತ್ರ ಅದನ್ನು ಮುಟ್ಟಬಹುದು, ಬೇರೆಲ್ಲಿಂದಲೂ ಇಲ್ಲ. ಅಷ್ಟು ಭದ್ರ. ಮನೆಯವರು ತಮ್ಮ ಸರದಿಯ ಹೊತ್ತಿಗೆ ಹೊರ ಬಾಗಿಲ ಗುಂಡಿಗಳಲ್ಲಿ ತಮ್ಮ ನಂಬರ್ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ.

ರೌಹಾ ಬಂದು ನೋಡಿ ಬೆನ್ನು ತಟ್ಟಿದರು. ಬೆನ್ನು ಮೂರು ದಿನಕ್ಕೆ ಸಾಕಾಗುವಷ್ಟು ಉರಿಯಿತು. "ಇನ್ನು ಇದರ ಕೆಲಸ ಮುಗೀತು" ಎಂದು ಹಿತ್ತಾಳೆಯ ಹಳೆಯ ಬೀಗದ ಕೈಯನ್ನು ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೊಳೆಗೆ ನೆನಪಿನ ಕಾಣಿಕೆಯಂತೆ ತೂಗುಹಾಕಿದರು. ಇಬ್ಬರೂ ಹೊರಗೆ ಬಂದು ಬಾಗಿಲು ಎಳೆದರು. ಕ್ಲಿಕ್.

ಅಂಗಳಕ್ಕೆ ಬಂದ ಔಲಿಸ್ ಕಂಡದ್ದು ಪೀಠೋಪಕರಣದ ಜಾತ್ರೆ. ಐದು ಸೋಫಾ, ಕಾಲು ಮುರಿದ ಮಂಚ, ಕಟ್ಟುಕಟ್ಟು ಹಿಮದ ಸ್ಕೀ ಹಲಗೆ, ಯಾರೂ ತುಳಿಯದ ವ್ಯಾಯಾಮದ ಸೈಕಲ್ಲು. ಇವುಗಳ ನಡುವೆ ಕಾರಿಗೆ ಒರಗಿಕೊಂಡು ಟೆರ್ಹೋ ನಿಂತಿದ್ದ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತನಾದವನು. ಕೆಲಸ ಬಿಟ್ಟರೂ ವೇಳಾಪಟ್ಟಿ ಬಿಟ್ಟಿರಲಿಲ್ಲ.

"ನನ್ನ ಕಾರ್ ಜಾಗದಲ್ಲಿ ಕಂಟೇನರ್ ಇಳಿಸ್ತೀಯಂತೆ? ಯಾವ ನಿಯಮದಲ್ಲಿದೆ ಅದು, ತೋರ್ಸು."

"ಟೆರ್ಹೋ, ಆ ಕಂಟೇನರ್ ಆಗಲೇ ಬಂದಾಯ್ತು. ಕಂಪ್ಯೂಟರ್ ಒಳಗಿದೆ."

ಟೆರ್ಹೋ ಅವನನ್ನು ಮೇಲಿಂದ ಕೆಳಗೆ ನೋಡಿದ. "ಅದರೊಳಗೆ ನನ್ನ ಸೋಫಾ ಹಿಡಿಸುತ್ತೇನಯ್ಯಾ?"

ಅಷ್ಟರಲ್ಲಿ ಹಿಮ ಬೆರೆತ ಮಳೆ ಶುರುವಾಯಿತು. ರೌಹಾ ಬಾಲ್ಕನಿಯಿಂದ ತೀರ್ಪು ಕೊಟ್ಟರು. "ಯಾರ ಕಂಟೇನರೋ ಅವರೇ ಎತ್ತಿಡ್ಬೇಕು!" ಔಲಿಸ್ ಒಂದೊಂದೇ ಸೋಫಾವನ್ನು ಎಳೆದುಕೊಂಡು ಹೋಗಿ ನೆಲಮಾಳಿಗೆಯಲ್ಲಿ ಸೌನಾದ ಬಾಗಿಲ ಮುಂದಿನ ಓಣಿಯಲ್ಲಿ ಸಾಲಾಗಿ ಇಟ್ಟ. ಮಧ್ಯಾಹ್ನದ ಹೊತ್ತಿಗೆ ಅವನ ಸೊಂಟ ಅವನ ಮಾತು ಕೇಳುತ್ತಿರಲಿಲ್ಲ. ಇರಲಿ, ಆರು ಗಂಟೆಗೆ ಬಿಸಿ ಕಲ್ಲಿನ ಮುಂದೆ ಎಲ್ಲ ಸರಿಹೋಗುತ್ತದೆ ಎಂದು ಮನೆಗೆ ಹೋಗಿ ಅಂಗಾತ ಮಲಗಿದ.

ನಾಲ್ಕೂ ಐದಕ್ಕೆ ಕರೆಗಂಟೆ ಬಾರಿಸಿತು. ಬಾಗಿಲಲ್ಲಿ ಟೆರ್ಹೋ, ಮೈಗೆ ಟವೆಲ್ ಬಟ್ಟೆಯ ನಿಲುವಂಗಿ, ತಲೆಗೆ ಉಣ್ಣೆಯ ಟೋಪಿ, ಕೈಯಲ್ಲಿ ಕಾಗದದಲ್ಲಿ ಸುತ್ತಿದ ಸಾಸೇಜ್.

"ನಾಲ್ಕಕ್ಕೆ ನನ್ನ ಸರದಿ. ನಂಬರ್ ಒತ್ತಿದ್ರೆ ಕೆಂಪು ದೀಪ. ಐದು ನಿಮಿಷ ತಡ ಆಗಿದೆ. ನಲವತ್ತು ವರ್ಷದಲ್ಲಿ ನನ್ನ ಗಾಡಿ ಐದು ನಿಮಿಷ ತಡ ಆಗಿಲ್ಲ."

ಔಲಿಸ್ ಸೊಂಟ ಹಿಡಿದುಕೊಂಡು ಕೆಳಗೆ ಓಡಿದ. ಒತ್ತಿದ, ಕೆಂಪು. ಒರೆಸಿ ಒತ್ತಿದ, ಕೆಂಪು. ಬಾಗಿಲನ್ನು ನಯವಾಗಿ ಮಾತಾಡಿಸಿದ, ಅದಕ್ಕೂ ಕೆಂಪು. ಮೀಟರ್ ಕೋಣೆಗೆ ಹೋಗಿ ಸರಿಮಾಡೋಣವೆಂದರೆ ಅದು ಈ ಬಾಗಿಲಿನ ಆಚೆ. ಹಳೆಯ ಕೀಲಿಯೂ ಬಾಗಿಲಿನ ಆಚೆ, ಮೊಳೆಯ ಮೇಲೆ. ಪ್ರೋಗ್ರಾಂ ಕಂಟೇನರಿನೊಳಗೆ, ಕಂಟೇನರ್ ಕಂಪ್ಯೂಟರಿನೊಳಗೆ, ಕಂಪ್ಯೂಟರ್ ಕೋಣೆಯೊಳಗೆ, ಆ ಕೋಣೆಯ ಬಾಗಿಲು ಆ ಪ್ರೋಗ್ರಾಮಿನ ಕೈಯೊಳಗೆ. ಈರುಳ್ಳಿಯ ಸಿಪ್ಪೆಯಂತೆ ಒಂದರೊಳಗೊಂದು ಭದ್ರ ಮಾಡಿದ ಬುದ್ಧಿವಂತ ಮಾತ್ರ ಹೊರಗೆ ನಿಂತಿದ್ದ.

"ಬೀಗದವನನ್ನ ಕರೀರಿ," ಎಂದ.

"ಶನಿವಾರ ಸಂಜೆ ಬೀಗದವನು ಅವನ ಸೌನಾದಲ್ಲಿ ಇರ್ತಾನೆ," ಎಂದ ಟೆರ್ಹೋ, ಸೋಫಾದ ಮೇಲೆ ಕೂರುತ್ತಾ. ಅದು ಅವನದೇ ಸೋಫಾ. ಬೆಳಿಗ್ಗೆ ಎಸೆಯಲು ತಂದದ್ದು. "ಪರವಾಗಿಲ್ಲ, ಸ್ಪ್ರಿಂಗ್ ಇನ್ನೂ ಗಟ್ಟಿಯಾಗೇ ಇದೆ."

ಐದಕ್ಕೆ ಹಿಲ್ಕಾ ಅಜ್ಜಿ ಹೂವಿನ ಚಿತ್ರದ ನಿಲುವಂಗಿ ತೊಟ್ಟು ಬಂದಳು. ಕೆಂಪು ದೀಪ ನೋಡಿ ಬೇಸರಿಸಲಿಲ್ಲ. ನಿಲುವಂಗಿಯ ಜೇಬಿನಿಂದ ಹೆಣಿಗೆ ತೆಗೆದು ಇನ್ನೊಂದು ಸೋಫಾದಲ್ಲಿ ಕೂತಳು. ಉದ್ಘಾಟನೆ ಹೇಗೆ ನಡೆಯಿತೆಂದು ನೋಡಲು ರೌಹಾ ಬಂದರು. ಗಲಾಟೆ ಏನೆಂದು ನೋಡಲು ಮೂರನೇ ಮಹಡಿಯ ಗಂಡಹೆಂಡಿರು ಬಂದರು. ಬರುವಾಗ ಟವೆಲ್ ತಂದಿದ್ದರು. ಈ ಕಟ್ಟಡದಲ್ಲಿ ಎದುರು ಬಾಗಿಲು ತೆರೆದ ಸದ್ದಾದರೆ ಯಾರಿಗೂ ಎದುರಾಗಬಾರದೆಂದು ಅದು ಮುಚ್ಚುವವರೆಗೆ ತಮ್ಮ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುವ ಜನ ಅವರೆಲ್ಲ. ಈಗ ಓಣಿಯಲ್ಲಿ ನಿಲುವಂಗಿ ತೊಟ್ಟು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು, ಡಾಕ್ಟರಿಲ್ಲದ ಆಸ್ಪತ್ರೆಯಲ್ಲಿ ಕೂತ ಹಾಗೆ.

"ಒಳಗಿರೋ ನಿನ್ನ ಬಾಡಿಗೆಯವನಿಗೆ ಕಿವಿ ಕೇಳಲ್ವೇನೋ?" ರೌಹಾ ಬಾಗಿಲಿಗೆ ಗುದ್ದಿದರು.

"ಕೇಳಲ್ಲ. ಹಾಗೇ ಮಾಡಿದ್ದು," ಎಂದ ಔಲಿಸ್, ನೆಲ ನೋಡುತ್ತಾ.

ಐದೂವರೆಯ ಹೊತ್ತಿಗೆ ಬಾಗಿಲ ಸಂದಿಯಿಂದ ಕಾದ ಮರದ ಪರಿಮಳ ಬರತೊಡಗಿತು. ಒಳಗೆ ಒಲೆ ತಾನಾಗಿಯೇ ಹೊತ್ತಿಕೊಂಡಿತ್ತು! ಆರೂ ಮೂಗುಗಳು ಒಟ್ಟಿಗೆ ಬಾಗಿಲ ಕಡೆ ತಿರುಗಿದವು. ಓಣಿಯ ಚಳಿಯಲ್ಲಿ ಕಾಲ್ಬೆರಳು ಮರಗಟ್ಟುತ್ತಿರುವಾಗ ಆ ವಾಸನೆ ಶುದ್ಧ ಚಿತ್ರಹಿಂಸೆ. ಟೆರ್ಹೋ ಮಾತ್ರ ಹಟ ಬಿಡದೆ ಆಗಾಗ ಎದ್ದು ತನ್ನ ನಂಬರ್ ಒತ್ತಿ, ಬೈದು, ಮತ್ತೆ ಬಂದು ಕೂರುತ್ತಿದ್ದ.

ಸರಿಯಾಗಿ ಆರಕ್ಕೆ ಅವನು ಒತ್ತಿದಾಗ ದೀಪ ಹಸಿರಾಯಿತು. ಕ್ಲಿಕ್.

"ಎರಡು ಗಂಟೆ ತಡ," ಎಂದ ಟೆರ್ಹೋ, ಕೈಗಡಿಯಾರ ನೋಡಿ. "ಆದ್ರೆ ಒಂದು ನಿಮಿಷ ಆಚೆ ಈಚೆ ಇಲ್ಲ. ಕೆಟ್ಟ ಗಾಡಿ ಹೀಗೆ ಬರಲ್ಲ. ಇದು ಬೇರೆ ಗಡಿಯಾರದ ಮೇಲೆ ಓಡ್ತಿದೆ."

ಔಲಿಸ್ ಹಣೆ ಚಚ್ಚಿಕೊಂಡ. ಬಾಡಿಗೆಯವನ ಒಲೆ ಅವನದು, ಅವನ ಪಾತ್ರೆ ಅವನದು; ಅವನ ಗಡಿಯಾರವೂ ಅವನದೇ! ತಾನಿರುವುದು ಯಾವ ದೇಶ ಎಂದು ಯಾರೂ ಹೇಳದ್ದರಿಂದ ಕಂಟೇನರಿನೊಳಗಿನ ಗಡಿಯಾರ ಲೋಕಕ್ಕೆಲ್ಲ ಸಾಮಾನ್ಯವಾದ ಸಮಯ ಹಿಡಿದು, ಫಿನ್ಲೆಂಡಿಗಿಂತ ಎರಡು ಗಂಟೆ ಹಿಂದೆ, ಹಾಯಾಗಿ ನಡೆಯುತ್ತಿತ್ತು. ಅದರ ಲೆಕ್ಕದಲ್ಲಿ ಈಗಷ್ಟೇ ನಾಲ್ಕು, ಟೆರ್ಹೋನ ಸರದಿ; ಅದಕ್ಕೇ ಅರ್ಧ ಗಂಟೆ ಮೊದಲು ಒಲೆ ಹೊತ್ತಿಸಿತ್ತು.

ಬಾಗಿಲು ತೆರೆದದ್ದೇ ತಡ, ಚಳಿಯಲ್ಲಿ ನಡುಗುತ್ತಿದ್ದ ಜನ ಸರದಿ, ಮರ್ಯಾದೆ ಯಾವುದನ್ನೂ ನೋಡದೆ ಟವೆಲ್ ಸುತ್ತಿಕೊಂಡು ಒಳಗೆ ನುಗ್ಗಿದರು. ಔಲಿಸ್ ಮಾತ್ರ ಮೀಟರ್ ಕೋಣೆಗೆ ನುಗ್ಗಿದ. ಒಂದೇ ಒಂದು ಸಾಲು. ದೇಶದ ಹೆಸರು, ಊರಿನ ಹೆಸರು. ಗಡಿಯಾರ ಎರಡು ಗಂಟೆ ಹಾರಿ ಸರಿಯಾದ ಜಾಗದಲ್ಲಿ ನಿಂತಿತು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಮೂಡಿತು: ಈಗಿನ ಸರದಿ, ಔಲಿಸ್.

ಅವನ ಗಂಟೆ! ಶನಿವಾರ, ಆರು. ಪರದೆಯೇ ಸಾಕ್ಷಿ. "ಕ್ಷಮಿಸಿ, ಈಗ ನನ್ನ ಸರದಿ" ಎಂದು ಹೇಳುವ ಹಕ್ಕು ಅವನಿಗಿತ್ತು. ಆ ಮಾತನ್ನು ನಾಲ್ಕು ಸಲ ಬಾಯಿಪಾಠ ಮಾಡಿಕೊಂಡು, ಟವೆಲ್ ಬಿಗಿದುಕೊಂಡು, ಸೌನಾದ ಬಾಗಿಲು ತೆರೆದ.

ಬಿಸಿ ಹಬೆಯಲ್ಲಿ ಹತ್ತು ಪಾದಗಳು ಕಂಡವು. ಎಲ್ಲಕ್ಕಿಂತ ಮೇಲಿನ ಹಲಗೆಯ ಮೂಲೆಯಲ್ಲಿ, ಗೂಡಿನಲ್ಲಿ ಕೂತ ಹಕ್ಕಿಯಂತೆ ಹಿಲ್ಕಾ ಅಜ್ಜಿ.

"ನಮ್ಮ ಯಜಮಾನ್ರು ಹೋದ್ಮೇಲೆ ನಾನು ಸೌನಾಗೆ ಬಂದ್ರೂ ಮೇಲಿನ ಹಲಗೆ ಹತ್ತಿದ್ದಿಲ್ಲ ಕಣಪ್ಪಾ," ಎಂದಳು. "ಒಬ್ಳೇ ಇದ್ದಾಗ ತಲೆ ಸುತ್ತಿ ಬಿದ್ರೆ ಯಾರು ನೋಡ್ತಾರೆ? ಇವತ್ತು ಹತ್ತಿದೆ. ಬಾಗ್ಲು ಹಾಕು, ಬಿಸಿ ಹೋಗುತ್ತೆ."

ಔಲಿಸ್ ಬಾಯಿಪಾಠವನ್ನು ಅಲ್ಲೇ ಬಿಟ್ಟು ಬಾಗಿಲು ಹಾಕಿದ. ಉಳಿದಿದ್ದ ಜಾಗ ಕೆಳಗಿನ ಹಲಗೆಯ ತುದಿ, ನೀರಿನ ಬಕೆಟ್ ಪಕ್ಕ. ಅಲ್ಲಿ ಕೂತವನಿಗೆ ಸೌಟು ತಾನಾಗಿ ಕೈಗೆ ಬರುತ್ತದೆ. ನೀರು ಸುರಿದ. ಕಲ್ಲು ಭುಸ್ಸೆಂದಿತು. ಟೆರ್ಹೋ ರೈಲಿನ ಕತೆ ತೆಗೆದ, ರೌಹಾ ಬೆನ್ನು ನೆಟ್ಟಗೆ ಕೂರುವುದು ಹೇಗೆಂದು ಎಲ್ಲರಿಗೂ ಪಾಠ ಹೇಳಿದರು. ಮೂರನೇ ಸೌಟಿಗೆ ಮಾತು ತಾನಾಗಿ ನಿಂತಿತು. ರೌಹಾ ಕೂಡ ಸುಮ್ಮನಾದರು. ಕಲ್ಲಿನ ಚಿಟಿಚಿಟಿ, ಆರು ಜನರ ಉಸಿರು, ಮತ್ತೇನಿಲ್ಲ. ಔಲಿಸನ ಸೊಂಟ ಸಡಿಲವಾಯಿತು, ಕಿವಿ ತಣ್ಣಗಾಯಿತು. ಇಷ್ಟು ಜನ ಒಟ್ಟಿಗೆ ಸುಮ್ಮನಿದ್ದರೆ ಇಷ್ಟು ಹಾಯೆನಿಸುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಆಮೇಲೆ ಓಣಿಯ ಸೋಫಾಗಳ ಮೇಲೆ, ಕಲ್ಲಿನ ಮೇಲೆ ಬೆಂದ ಟೆರ್ಹೋನ ಸಾಸೇಜ್ ಹಂಚಿಕೆಯಾಯಿತು. ಎಲ್ಲರ ಮುಖವೂ ಬೀಟ್‌ರೂಟ್ ಬಣ್ಣ.

"ಹಿಲ್ಕಾಗೆ ಒಂದು ಎತ್ತಿಡಿ," ಎಂದರು ರೌಹಾ. ಆಮೇಲೆ ಗಂಟಲು ಸರಿಮಾಡಿಕೊಂಡರು. "ಔಲಿಸ್, ನೀನು ಕೆಲಸ ಮುಗಿಸಿದ್ದೀಯ. ನಾನು ಕೊಟ್ಟ ಮಾತು ಕೊಟ್ಟದ್ದೇ. ಶನಿವಾರ ಆರು ಗಂಟೆ ಇವತ್ತಿಂದ ನಿಂದು. ನೀನು ಬದುಕಿರೋವರೆಗೆ ನಿಂದು."

ಔಲಿಸನ ಎದೆ ಉಬ್ಬಿತು.

"ಆದ್ರೆ ಇವತ್ತಿನ ಹಾಗೆ ಎಲ್ರೂ ಒಟ್ಟಿಗೆ ಬಂದ್ರೆ ಎಷ್ಟು ಚೆನ್ನ," ಎಂದಳು ಮೂರನೇ ಮಹಡಿಯ ಹೆಂಡತಿ.

"ಆಗಲ್ಲ," ಎಂದ ಟೆರ್ಹೋ. "ಸಾಮೂಹಿಕ ಸರದಿ ಅಂದ್ರೆ ವಾರ್ಷಿಕ ಸಭೆ ಕರೀಬೇಕು, ಮತ ಹಾಕ್ಬೇಕು." ಔಲಿಸ್ ಅವನ ಕಡೆ ಕೃತಜ್ಞತೆಯಿಂದ ನೋಡಿದ. ಟೆರ್ಹೋ ಬೆರಳು ನೆಕ್ಕಿ ಮುಂದುವರಿಸಿದ. "ಆದ್ರೆ ಸರದಿ ಇದ್ದವನ ಮನೆಗೆ ಅತಿಥಿಗಳು ಬಂದ್ರೆ ಯಾರ ಅನುಮತೀನೂ ಬೇಡ. ಎಷ್ಟು ಜನ ಅಂತಾನೂ ನಿಯಮದಲ್ಲಿ ಇಲ್ಲ."

"ಭೇಷ್! ಹಾಗಾದ್ರೆ ನಾವೆಲ್ಲ ಔಲಿಸನ ಅತಿಥಿಗಳು!" ಎಂದರು ರೌಹಾ. ಕಟ್ಟಡಕ್ಕೆಲ್ಲ ಕೇಳಿಸಿರಬೇಕು. ಮೇಲೆ ಎಲ್ಲೋ ಎರಡು ಬಾಗಿಲು ತೆರೆದ ಸದ್ದಾಯಿತು. "ಸೋಫಾಗಳೂ ಇಲ್ಲೇ ಇರ್ಲಿ. ಕಂಟೇನರ್ ಹೇಗೂ ಬರಲಿಲ್ಲ."

"ಮತ್ತೆ ಹಲಗೆ ತೊಳೆಯೋದು ಸರದಿ ಯಾರದೋ ಅವರ ಕೆಲಸ," ಎಂದ ಟೆರ್ಹೋ. "ಅದೂ ನಿಯಮ."

ಹೀಗೆ ಔಲಿಸ್ ಬ್ರಷ್ ಹಿಡಿದು ಮತ್ತೆ ಒಳಗೆ ಹೋದ. ಮಂದ ದೀಪದಲ್ಲಿ ಕೆಳಗಿನ ಹಲಗೆ ಉಜ್ಜಿದ, ಬಕೆಟ್ ತೊಳೆದು ಹೊಸ ನೀರು ತುಂಬಿದ. ಓಣಿಯಲ್ಲಿ ನಿಲುವಂಗಿಗಳ ಸದ್ದು ದೂರವಾಯಿತು, ಲಿಫ್ಟ್ ಮೇಲೆ ಹೋಯಿತು. ಅಷ್ಟರಲ್ಲಿ ಏಳು ಗಂಟೆಯಾಗಿರಬೇಕು. ಅವನೇ ಕೂರಿಸಿದ ಸರ್ವರ್, ಈಗ ಸರಿಯಾದ ಗಡಿಯಾರ ನೋಡಿಕೊಂಡು, ಅವನ ಸರದಿ ಮುಗಿಯಿತೆಂದು ಒಲೆಯನ್ನೂ ದೀಪವನ್ನೂ ಒಟ್ಟಿಗೆ ಆರಿಸಿತು.

ಕತ್ತಲು. ಔಲಿಸ್ ಬ್ರಷ್ ಹಿಡಿದ ಕೈಯಲ್ಲೇ ನಿಂತ. ಕಲ್ಲು ಇನ್ನೂ ಬಿಸಿಯಾಗಿತ್ತು. ಮಾತಿಲ್ಲ, ಫೋನಿಲ್ಲ, ಕಿಟಕಿಯಿಲ್ಲ. ಮೆಲ್ಲಗೆ ಹಲಗೆಯ ಮೇಲೆ ಕೂತು ಗೋಡೆಗೆ ಒರಗಿ, ಜನ್ಮದಲ್ಲಿ ಮೊದಲ ಬಾರಿಗೆ ಎಂಬಂತೆ ಉದ್ದಕ್ಕೆ ಉಸಿರು ಬಿಟ್ಟ.

"ಆಹಾ," ಎಂದ. "ಕೊನೆಗೂ ಒಬ್ಬನೇ."

"ಹೂಂ, ಈಗ ಚೆನ್ನಾಗಿದೆ ನೋಡು, ಎಷ್ಟು ಗಲಾಟೆ ಮಾಡ್ತಿದ್ರು ಅವರೆಲ್ಲ," ಎಂದಿತು ಮೇಲಿನ ಹಲಗೆಯ ಮೂಲೆಯಿಂದ ಹಿಲ್ಕಾ ಅಜ್ಜಿಯ ದನಿ. "ಇನ್ನೊಂದು ಸೌಟು ನೀರು ಹಾಕಪ್ಪಾ. ನಾನು ಹುಟ್ಟಿದ್ದೇ ಸೌನಾದಲ್ಲಿ, ಆಗೆಲ್ಲ ಹೆರಿಗೆ ಅಲ್ಲೇ, ಗೊತ್ತಾ? ಕೂತ್ಕೋ, ಮೊದಲಿಂದ ಹೇಳ್ತೀನಿ."